ಅಪ್‌ಡೇಟ್: ಅಮ್ಮನ ಸೂಪರ್ ಹಣದ ತೆರಿಗೆ ಇತ್ಯರ್ಥ ಆಯ್ತು

ಮೆಲ್ಬರ್ನಿನಲ್ಲಿ ತೀರಿಕೊಂಡ ಅಮ್ಮನ ಸೂಪರ್ ಹಣ (ನಿವೃತ್ತಿ ನಿಧಿ) ವಿಲ್ ಪ್ರಕಾರ ಎಸ್ಟೇಟ್ (ತೀರಿಕೊಂಡವರು ಬಿಟ್ಟುಹೋದ ಒಟ್ಟು ಆಸ್ತಿ) ಮೂಲಕ ಬರುತ್ತಿದೆ, ತೆರಿಗೆ ಎಷ್ಟು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ನಾನು ಅಂದುಕೊಂಡಿದ್ದು ಪೂರ್ತಿ ತಪ್ಪು. ಎಸ್ಟೇಟಿಗೆ ಬಂತು ಅಂದಮಾತ್ರಕ್ಕೆ ತೆರಿಗೆ ಮಾಫಿ ಇಲ್ಲ; ಕೊನೆಗೆ ಹಣ ಯಾರ ಕೈ ಸೇರುತ್ತೆ ಅನ್ನೋದೇ ಲೆಕ್ಕ. ತಂಗಿಗೆ 16 ವರ್ಷ. 18ರೊಳಗಿನ ಮಗು ಅವಲಂಬಿತೆ, ಹಾಗಾಗಿ ಅವಳ ಅರ್ಧಕ್ಕೆ ತೆರಿಗೆ ಸೊನ್ನೆ. ನಾನು 18 ದಾಟಿದ, ದುಡಿಯುವ ಮಗ, ಹಾಗಾಗಿ ಅವಲಂಬಿತನಲ್ಲ. ನನ್ನ ಪಾಲಿನಲ್ಲಿ ತೆರಿಗೆಗೆ ಒಳಪಡುವ ಭಾಗ 1,00,000 ಡಾಲರ್, ಅದಕ್ಕೆ 15% ಅಂದರೆ 15,000. ಉಳಿದ ತೆರಿಗೆಮುಕ್ತ ಭಾಗವನ್ನು ಯಾರೂ ಮುಟ್ಟಲಿಲ್ಲ.

ತೆರಿಗೆ ಬೀಳುವ ಭಾಗವನ್ನೆಲ್ಲ ತಂಗಿಗೆ ಕೊಟ್ಟು, ತೆರಿಗೆಮುಕ್ತ ಭಾಗವನ್ನು ನಾನಿಟ್ಟುಕೊಳ್ಳೋಣ ಅಂತ ಜಾಣತನ ಮಾಡಲು ಹೋಗಿದ್ದೆ. ಅಕೌಂಟೆಂಟ್ ನಕ್ಕುಬಿಟ್ಟರು: ಹಾಲು ನೀರು ಬೆರೆತ ಹಾಗೆ, ಇಬ್ಬರ ಪಾಲಿಗೂ ಎರಡೂ ಭಾಗ ಅದೇ ಪ್ರಮಾಣದಲ್ಲೇ ಬರುತ್ತವಂತೆ.

ಒಂದು ಸಮಾಧಾನ. ನಿಧಿಯಿಂದ ನೇರವಾಗಿ ನನಗೇ ಬಂದಿದ್ದರೆ 2% ಮೆಡಿಕೇರ್ ಲೆವಿಯೂ (ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ತೆರಿಗೆ) ಸೇರುತ್ತಿತ್ತು. ಎಸ್ಟೇಟ್ ಮೂಲಕ ಬಂದದ್ದಕ್ಕೆ ಆ 2,000 ಉಳೀತು. ತೆರಿಗೆಯನ್ನು ಎಸ್ಟೇಟಿನ ರಿಟರ್ನ್‌ನಲ್ಲೇ ಕಟ್ಟಿ, ಉಳಿದದ್ದನ್ನು ಮಾಮ (ಅವರೇ ಎಕ್ಸಿಕ್ಯೂಟರ್, ಅಂದರೆ ವಿಲ್ ಜಾರಿ ಮಾಡುವವರು) ಮೊನ್ನೆ ನಮ್ಮಿಬ್ಬರ ಹೆಸರಿಗೆ ಹಾಕಿದರು.