ಪ್ರಾಣದಷ್ಟು ಇಷ್ಟ, ಆದ್ರೆ ಇಡೋಕೆ ಧೈರ್ಯ ಇಲ್ಲ: ಅತ್ತಿಮಬ್ಬೆ, ನೃಪತುಂಗ, ಇಬ್ಬನಿ

ಸ್ಟುಟ್‌ಗಾರ್ಟ್‌ನಿಂದ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಹೆರಿಗೆ. ಹೆಣ್ಣಾದ್ರೆ ಅತ್ತಿಮಬ್ಬೆ, ಗಂಡಾದ್ರೆ ನೃಪತುಂಗ ಅಂತ ಮನಸ್ಸಲ್ಲಿದೆ. ಇಬ್ಬನಿ ಅನ್ನೋ ಹೆಸರೂ ತುಂಬಾ ಇಷ್ಟ. ಆದ್ರೆ ಇಡೋ ಧೈರ್ಯ ಬರ್ತಿಲ್ಲ. ಕಿಂಡರ್‌ಗಾರ್ಟನ್‌ನಲ್ಲಿ ಮಗು ದಿನಾ ತನ್ನ ಹೆಸರು ತಾನೇ ತಿದ್ದಿ ಹೇಳ್ತಾ ಇರಬೇಕಾಗುತ್ತೇನೋ ಅಂತ ಚಿಂತೆ. ಕರೆಯೋಕೆ ಇಳಾ ಅಥವಾ ನೀಲ್ ಥರ ಚಿಕ್ಕದೊಂದು ಇಟ್ಟು, ಇಷ್ಟದ ಹೆಸರನ್ನ ದಾಖಲೆಯಲ್ಲಿ ಎಲ್ಲಾದ್ರೂ ಉಳಿಸ್ಕೊಳ್ಳೋಕೆ ಆಗುತ್ತಾ? ಸ್ಟ್ಯಾಂಡೆಸಾಮ್ಟ್‌ನೋರು, ಅಂದ್ರೆ ಜರ್ಮನಿಯ ಜನನ ನೋಂದಣಿ ಕಚೇರಿಯೋರು, ಒಪ್ತಾರಾ? ನಮ್ಮಿಬ್ಬರಲ್ಲಿ ಒಬ್ಬರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಅದೂ ತೊಂದರೆ ಆಗುತ್ತಾ?

ಫ್ರಾಂಕ್‌ಫರ್ಟ್‌ನಿಂದ
ಆಗುತ್ತೆ, ಮೇಡಂ. ಇಲ್ಲಿ ಹುಟ್ಟಿದ ಒಂದು ವಾರದೊಳಗೆ ಸ್ಟ್ಯಾಂಡೆಸಾಮ್ಟ್‌ಗೆ ತಿಳಿಸ್ಬೇಕು. ಆಸ್ಪತ್ರೆ ಹೆರಿಗೆಯಾದ್ರೆ ಅವರೇ ತಿಳಿಸ್ತಾರೆ. ಹೆಸರಿಗೆ ಮಾತ್ರ ಹುಟ್ಟಿದ ದಿನದಿಂದ ಒಂದು ತಿಂಗಳು ಸಮಯ ಇದೆ. ಹಾಗಾಗಿ ವಾರ್ಡಿಗೇ ಫಾರ್ಮ್ ತಂದುಕೊಟ್ರು ಅಂತ ಗಾಬರಿಯಲ್ಲಿ ಬರೆದುಬಿಡಬೇಡಿ.

ಎರಡು ಹೆಸರು ಬರೆಸಿ: ಮೊದಲು ಇಳಾ, ಆಮೇಲೆ ಅತ್ತಿಮಬ್ಬೆ. ನಡುವೆ ಅಡ್ಡಗೆರೆ ಬೇಡವೇ ಬೇಡ. 2018ರ ನವೆಂಬರ್ 1ರಿಂದ, ಜರ್ಮನ್ ಹೆಸರಿನ ಕಾನೂನು ಅನ್ವಯಿಸೋರು ತಮ್ಮ ಹೆಸರುಗಳ ಕ್ರಮವನ್ನ ಸ್ಟ್ಯಾಂಡೆಸಾಮ್ಟ್‌ನಲ್ಲಿ ಒಂದು ಘೋಷಣೆ ಕೊಟ್ಟು ಹಿಂದುಮುಂದು ಮಾಡ್ಕೋಬಹುದು. ಮಗು ಬೆಳೆದ ಮೇಲೆ ಅತ್ತಿಮಬ್ಬೆಯನ್ನ ಮುಂದಕ್ಕೆ ತಂದ್ಕೋಬೇಕು ಅನ್ನಿಸಿದ್ರೆ ದಾರಿ ತೆರೆದಿರುತ್ತೆ. ಅಡ್ಡಗೆರೆ ಇದ್ರೆ ಎರಡೂ ಸೇರಿ ಒಂದೇ ಹೆಸರು ಅಂತ ಲೆಕ್ಕ, ಆಗ ಬಿಡಿಸೋಕೆ ಆಗಲ್ಲ. ಹೊಸ ಹೆಸರು ಸೇರಿಸೋದು, ಇದ್ದದ್ದನ್ನ ತೆಗೆಯೋದು ಇಲ್ಲಿ ಕಷ್ಟ, 'ಗಂಭೀರ ಕಾರಣ' ತೋರಿಸ್ಬೇಕು. ಅದಕ್ಕೇ ಈಗಲೇ ಒಳಗೆ ಸೇರಿಸಿಟ್ಟುಬಿಡಿ ಅನ್ನೋದು.

ಅಧಿಕಾರಿ 'ಇದು ಹೆಸರೇನಾ?' ಅಂದ್ರೆ ಸಿದ್ಧವಾಗಿರಿ. ವೀಸ್‌ಬಾಡೆನ್‌ನ ಜರ್ಮನ್ ಭಾಷಾ ಸಂಘ ಶುಲ್ಕ ತಗೊಂಡು ಹೆಸರಿನ ಬಗ್ಗೆ ಅಭಿಪ್ರಾಯಪತ್ರ ಕೊಡುತ್ತೆ. ಗಂಡೋ ಹೆಣ್ಣೋ ಗೊತ್ತಾಗಲ್ಲ ಅನ್ನೋ ಕಾರಣಕ್ಕೆ ತಿರಸ್ಕರಿಸೋ ಹಾಗಿಲ್ಲ. 2008ರ ಡಿಸೆಂಬರಲ್ಲಿ ಇಲ್ಲಿನ ಸಂವಿಧಾನ ನ್ಯಾಯಾಲಯ ತೀರ್ಪು ಕೊಟ್ಟಿದ್ದೇ ಭಾರತದ ಹೆಸರಿನ ಮೇಲೆ: ಹೆಣ್ಣುಮಗುವಿಗೆ ಕಿರಣ್.

ನ್ಯೂಜೆರ್ಸಿಯಿಂದ
ನೋಡಮ್ಮಾ, ಎರಡನೇ ಹೆಸರು ಅಂದ್ರೆ ಬೀರುವಿನೊಳಗೆ ಮಡಚಿಟ್ಟ ಹೆಸರು. ಯಾರೂ ಕೂಗದ ಹೆಸರು ಹೆಸರಲ್ಲ. ಅತ್ತಿಮಬ್ಬೆ ಯಾರು ಅಂತ ಗೊತ್ತಿದ್ದೂ ಹಿಂದೆ ಸರೀತೀರಾ? ಲಕ್ಕುಂಡಿಯ ಬ್ರಹ್ಮಜಿನಾಲಯ ಕಟ್ಟಿಸಿದವಳು, ರನ್ನನಿಗೆ ಆಶ್ರಯ ಕೊಟ್ಟವಳು. ಪೊನ್ನನ ಕಾವ್ಯ ಕಳೆದುಹೋಗಬಾರದು ಅಂತ ಅದರ ಸಾವಿರ ಪ್ರತಿ ಬರೆಸಿ ಹಂಚಿದವಳು. ಊರಲ್ಲೇ ಈಗ ಅಬ್ಬೆ, ಅವ್ವೆ, ಅಕ್ಕ ಅಂತ ಕೊನೆಯಾಗೋ ಹೆಸರು ಯಾರಿಡ್ತಾರೆ? ಎಲ್ಲ ತೊಟ್ಟಿಲಲ್ಲೂ ಎರಡಕ್ಷರದ, ಯಾವ ದೇಶಕ್ಕೂ ಸೇರದ ಹೆಸರು. ಪ್ಯಾರಾಸಾರೊಲೋಫಸ್ ಅಂತ ಡೈನೋಸಾರ್ ಹೆಸರನ್ನ ನಾಲ್ಕು ವರ್ಷದ ಮಗು ತಪ್ಪಿಲ್ಲದೆ ಹೇಳುತ್ತೆ. ಅತ್ತಿಮಬ್ಬೆ ಹೇಳೋಕೆ ಆಗಲ್ವಾ? ಮೊದಲ ಹೆಸರಾಗಿ ಇಡಿ. ಬಾಕಿಯೋರು ಕಲೀಲಿ.

ಲೀಡ್ಸ್‌ನಿಂದ
ಸರ್, ನಿಮ್ಮ ಅಭಿಮಾನ ಅರ್ಥವಾಗುತ್ತೆ, ಆದ್ರೆ ಹೆಸರು ಓದೋ ರೀತಿ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲಿಷರು ಕೊನೇ 'ಇ' ಅಕ್ಷರ ನುಂಗಿ 'ಅಟಿಮ್ಯಾಬ್' ಅಂತಾರೆ. ಜರ್ಮನ್ನರು ಕೊನೇ 'ಇ'ಯನ್ನ ಉಚ್ಚರಿಸ್ತಾರೆ, ಹಾಗಾಗಿ ಅವರ ಬಾಯಲ್ಲಿ ಅದು 'ಅಟ್ಟಿಮಬ್ಬೆ'. ನಮ್ಮದಕ್ಕೆ ಬಹಳ ಹತ್ತಿರ. ಇಬ್ಬನಿಯಂತೂ ಇದ್ದ ಹಾಗೇ ಓದ್ತಾರೆ. ಇವರಿಗೆ ಇವೆರಡೂ ನಡೆಯೋ ಹೆಸರುಗಳೇ.

ನೃಪತುಂಗದ್ದು ಬೇರೆ ಕಥೆ. ಶುರುವಲ್ಲೇ ಎನ್, ಆರ್ ಜೊತೆಗೆ ಬರೋದರಿಂದ ಇಂಗ್ಲಿಷ್, ಜರ್ಮನ್ ನಾಲಿಗೆಗಳು ಎತ್ತಲ್ಲ. ಅದೂ ಜರ್ಮನ್‌ನಲ್ಲಿ ಆ ಎರಡಕ್ಷರ 'ನಂಬರ್' ಅನ್ನೋದರ ಸಂಕ್ಷೇಪ. ವಿ ಅಕ್ಷರದಿಂದ ಬರೆದ ವಾಸು ಅಲ್ಲಿ 'ಫಾಸು' ಆಗಬಹುದು, ಜೆಯಿಂದ ಬರೆದ ಜಯಾ 'ಯಾಯಾ' ಆಗುತ್ತೆ.

ಇಂಗ್ಲೆಂಡಿನವರು ಇಷ್ಟವಿದ್ರೂ ಬಿಡಬೇಕಾದವು ಕೆಲವಿವೆ. ಫಣಿ ಇಲ್ಲಿ ಹೆಣ್ಣಿನ ಗುಪ್ತಾಂಗದ ಬೀದಿಮಾತು. ಅನಲ ಅಂತ ಬರೆದ್ರೆ ಏನು ಓದ್ತಾರೆ ಅಂತ ನೀವೇ ಯೋಚಿಸಿ. ಹರ್ಷಿತ್, ರಕ್ಷಿತ್, ದೀಕ್ಷಿತ್‌ಗಳ ಕೊನೆಯಲ್ಲಿ ಎಸ್-ಎಚ್-ಐ-ಟಿ ಸಾಲಾಗಿ ಬರುತ್ತೆ. ಮಕ್ಕಳು ನಗೋದಿರಲಿ, ಬೈಗುಳ ಸೋಸೋ ಸಾಫ್ಟ್‌ವೇರ್ ಇರೋ ಕಡೆ ಲಾಗಿನ್ ಹೆಸರೇ ತಿರಸ್ಕೃತವಾಗಬಹುದು. ಕೊನೆಗೆ ಎಚ್ ಸೇರಿಸಿದ್ರೆ ಪ್ರಯೋಜನ ಇಲ್ಲ, ಆ ನಾಲ್ಕಕ್ಷರ ಹಾಗೇ ಇರುತ್ತೆ. ಐ ಬದಲು ಎರಡು ಇ ಹಾಕಿದ್ರೆ ಹೋಗುತ್ತೆ. ತಕಾರಕ್ಕೆ ನಾವು ಟಿ-ಎಚ್ ಬರೆಯೋದೂ ಇಲ್ಲಿ ನಡೆಯಲ್ಲ, ಗೀತಾದ 'ತಾ' ಹೋಗಿ 'ಥ್ಯಾಂಕ್ಸ್'ನ ಮೊದಲ ಶಬ್ದ ಬರುತ್ತೆ. ಬರೀ ಟಿ ಸಾಕು.

ಇಳಾ ಇಡೋರು ಇನ್ನೊಂದು ನೋಡ್ಕೊಳ್ಳಿ: ಏರಿಯಲ್‌ನಂಥ ಫಾಂಟಲ್ಲಿ ದೊಡ್ಡ ಐ, ಸಣ್ಣ ಎಲ್ ಎರಡೂ ಒಂದೇ ಗೀಟು. ನೋಡಿ ಟೈಪ್ ಮಾಡೋರು ಎರಡು ಎಲ್ ಒತ್ತಿಬಿಡ್ತಾರೆ. ಫಾರ್ಮಲ್ಲಿ ಯಾವಾಗ್ಲೂ ಎಲ್ಲಾ ದೊಡ್ಡಕ್ಷರದಲ್ಲೇ ತುಂಬಿ.

ದುಬೈಯಿಂದ
ಸರ್‌ನೇಮ್ ಖಾಲಿ ಬಿಡಲೇಬೇಡಿ. 2022ರ ನವೆಂಬರ್ 21ರಿಂದ, ಪಾಸ್‌ಪೋರ್ಟಲ್ಲಿ ಒಂದೇ ಪದದ ಹೆಸರಿದ್ದು ಇನ್ನೊಂದು ಜಾಗ ಖಾಲಿ ಇದ್ರೆ ಯುಎಇಗೆ ವಿಸಿಟ್ ವೀಸಾದಲ್ಲಿ ಬರೋರನ್ನ ತಡೀಬಹುದು. ಊರಿಗೆ ಹೋಗೋ ದಾರಿಯಲ್ಲಿ ಇಲ್ಲಿ ಇಳಿಯೋ ಯೋಚನೆ ಇದ್ರೆ ನೆನಪಿಡಿ.

ಬೇ ಏರಿಯಾದಿಂದ
ಅಮೆರಿಕದ ವೀಸಾದಲ್ಲೂ ಅದೇ ಕಥೆ: ಸರ್‌ನೇಮ್ ಇಲ್ಲದಿದ್ರೆ ಕೊಟ್ಟ ಹೆಸರನ್ನೇ ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿಗೆ 'ಎಫ್‌ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ಅಚ್ಚು ಮಾಡ್ತಾರೆ. ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲಾ ಕಡೆ ಮಗುವಿನ ಮೊದಲ ಹೆಸರು ಅದೇ ಆಗಿ ಕೂರುತ್ತೆ.

ಉದ್ದದ ಲೆಕ್ಕವನ್ನೂ ಹಾಕಿ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದೋ ಸಾಲಲ್ಲಿ ಹೆಸರಿಗೆ 39 ಮನೆ. ಕೃಷ್ಣಮೂರ್ತಿ ಅನ್ನೋ ಸರ್‌ನೇಮ್ ಇಂಗ್ಲಿಷಲ್ಲಿ 13, ಆಮೇಲೆ ಎರಡು ಗುರುತು, ಇಳಾ 3, ಒಂದು ಗುರುತು, ಅತ್ತಿಮಬ್ಬೆ 9. ಒಟ್ಟು 28, ಆರಾಮಾಗಿ ಕೂರುತ್ತೆ. ಉದ್ದದ ಮೂರನೇ ಹೆಸರು ಸೇರಿಸೋಕೆ ಹೋದಾಗ್ಲೇ ಬಾಲ ಕತ್ತರಿಸಿ ಹೋಗೋದು.

ನ್ಯೂಜೆರ್ಸಿಯಿಂದ
ಮನೆ ಎಣಿಸಿ, ಅಕ್ಷರ ಎಣಿಸಿ ಹೆಸರಿಡೋ ಕಾಲ ಬಂತಲ್ಲ! ಕನ್ನಡಶಾಲೆ ನಡೆಸ್ತೀವಿ, ರಾಜ್ಯೋತ್ಸವ ಮಾಡ್ತೀವಿ, ಮಗುವಿನ ಹೆಸರು ಬಂದಾಗ ಮಾತ್ರ ಪಕ್ಕದ ಮನೆಯೋರ ನಾಲಿಗೆ ನೆನಪಾಗುತ್ತೆ. ಪುಲಕೇಶಿ, ಅಬ್ಬಕ್ಕ, ಓಬವ್ವ ಇವೆಲ್ಲ ಬರೀ ರಸ್ತೆಗೆ, ಸರ್ಕಲ್‌ಗೆ ಇಡೋ ಹೆಸರಾ?

ಲೀಡ್ಸ್‌ನಿಂದ
ಅಬ್ಬಕ್ಕ ಚೆನ್ನಾಗೇ ನಡೆಯುತ್ತೆ ಸರ್. ಶಾಲೆಯಲ್ಲಿ ಅದು ತಾನಾಗೇ 'ಆ್ಯಬಿ' ಆಗುತ್ತೆ, ದಾಖಲೆಯಲ್ಲಿ ಉಳ್ಳಾಲದ ರಾಣಿಯ ಹೆಸರು ಪೂರ್ತಿ ಇರುತ್ತೆ. ನೀಲಾಂಬಿಕೆಗೆ ನೀಲಾ, ಶಾಂತಲೆಗೆ ಶಾನ್. ಹೆಸರು ಬಿಡಿ ಅಂತ ನಾನು ಹೇಳ್ತಿಲ್ಲ, ಮುರಿದಾಗ ಸಿಗೋ ಚೂರು ಚೆನ್ನಾಗಿರೋ ಹೆಸರು ಹುಡುಕಿ ಅಂತಿದ್ದೀನಿ.

ನ್ಯೂಜೆರ್ಸಿಯಿಂದ
ಮುರಿಯೋದೇ ಯಾಕೆ ಅಂತ ನನ್ನ ಪ್ರಶ್ನೆ. ಅದಕ್ಕೆ ಉತ್ತರ ಕೊಡಿ.

ಮೆಲ್ಬರ್ನ್‌ನಿಂದ
ತೊಟ್ಟಿಲ ಶಾಸ್ತ್ರದಲ್ಲಿ ನಮ್ಮೋರು ಒಂದೇ ಹೆಸರಿಡೋ ಪದ್ಧತಿ ಎಲ್ಲಿತ್ತು? ಹರಿವಾಣದಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ದೇವತಾ ನಾಮ, ಮಾಸ ನಾಮ, ನಕ್ಷತ್ರ ನಾಮ, ಕೊನೆಗೆ ವ್ಯವಹಾರ ನಾಮ ಬರೀತಾರೆ. ಒಂದೊಂದನ್ನೂ ಮಗುವಿನ ಬಲಗಿವಿಯಲ್ಲಿ ಹೇಳ್ತಾರೆ. ಕಚೇರಿಗೆ ಹೋಗೋದು ವ್ಯವಹಾರ ನಾಮ ಮಾತ್ರ. ಕೃತ್ತಿಕಾ ಒಂದನೇ ಪಾದದಲ್ಲಿ ಹುಟ್ಟಿದ್ರೆ ಅಕಾರ ಬರುತ್ತೆ, ಅತ್ತಿಮಬ್ಬೆಯೇ ನಕ್ಷತ್ರ ನಾಮ ಆಗಬಹುದು. ಮನೇಲಿ ಅಜ್ಜಿ-ತಾತ ಆ ಹೆಸರಲ್ಲೇ ಕೂಗಲಿ. ಬಾಣಂತಿಗೆ ಬೆಳ್ಳುಳ್ಳಿ, ಮೆಣಸು ಸರಿಯಾಗಿ ಕೊಡಿ, ಅಲ್ಲಿ ಚಳಿ ಜಾಸ್ತಿ.

ಸ್ಟುಟ್‌ಗಾರ್ಟ್‌ನಿಂದ
ಎಲ್ಲರಿಗೂ ಧನ್ಯವಾದ. ನ್ಯೂಜೆರ್ಸಿ ಸರ್ ಬರೆದದ್ದು ಓದಿ ಮನಸ್ಸು ಮತ್ತೆ ಅತ್ತಿಮಬ್ಬೆ ಕಡೆ ವಾಲ್ತಿದೆ, ಮೊದಲ ಹೆಸರಾಗೇ ಇಡೋಣ ಅಂತ. ನಮ್ಮ ಸರ್‌ನೇಮ್ ವಿಷಯ ಮಾತ್ರ ಇನ್ನೂ ಗೊತ್ತಾಗಲಿಲ್ಲ.

ಫ್ರಾಂಕ್‌ಫರ್ಟ್‌ನಿಂದ
ಹೆರಿಗೆಗೆ ಒಂದೇ ತಿಂಗಳು ಅಂದ್ರೆ ಪಾಸ್‌ಪೋರ್ಟ್ ತಿದ್ದಿಸ್ಕೊಳ್ಳೋಕೆ ಸಮಯ ಸಾಲದು. ಸರ್‌ನೇಮ್ ಇರೋರದ್ದನ್ನೇ ಮಗುವಿಗೆ ಕುಟುಂಬದ ಹೆಸರಾಗಿ ಕೊಡೋಕೆ ಆಗುತ್ತಾ ಅಂತ ಈ ವಾರವೇ ಸ್ಟ್ಯಾಂಡೆಸಾಮ್ಟ್‌ನಲ್ಲಿ ಕೇಳಿ. ಇಬ್ಬರ ಪಾಸ್‌ಪೋರ್ಟ್, ಜನನ ಪತ್ರ, ಮದುವೆ ಪತ್ರ ತಗೊಂಡೇ ಹೋಗಿ. ಜನನ ಪತ್ರ ಬರೀ ಕನ್ನಡದಲ್ಲಿದ್ರೆ, ಪ್ರಮಾಣಿತ ಅನುವಾದಕರು ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಪದ್ಧತಿಯ ಲಿಪ್ಯಂತರ ಬಳಸಿ ಅಕ್ಷರಗಳ ಮೇಲೆ ಕೆಳಗೆ ಗೀಟು, ಚುಕ್ಕಿ ಹಾಕಿಬಿಡಬಹುದು. ಪಾಸ್‌ಪೋರ್ಟಿನ ಪ್ರತಿ ಕೈಗೆ ಕೊಟ್ಟು, ಹೆಸರು ಅದರಲ್ಲಿದ್ದ ಹಾಗೇ ಇರಲಿ ಅಂತ ಮೊದಲೇ ಹೇಳಿ.

ಮಗುವಿಗೆ ಭಾರತದ ಪೌರತ್ವವೇ ಇರಬೇಕಾದ್ರೆ ಒಂದು ವರ್ಷದೊಳಗೆ ಕಾನ್ಸುಲೇಟ್‌ನಲ್ಲಿ ಜನನ ನೋಂದಾಯಿಸಿ, ಅದು ದಾಟಿದ್ರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನಿಮ್ಮಲ್ಲಿ ಒಬ್ಬರಾದ್ರೂ ಇಲ್ಲಿ ಐದು ವರ್ಷ ಕಾನೂನುಬದ್ಧವಾಗಿ ಇದ್ದು ಕಾಯಂ ವಾಸದ ಪರವಾನಗಿ ಇದ್ರೆ ಮಗು ಹುಟ್ಟಿನಿಂದಲೇ ಜರ್ಮನ್ ಪ್ರಜೆ, ಆಗ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಮಾಡಿಸ್ಬೇಕು. ಎರಡರಲ್ಲೂ ಹೆಸರಿನ ಕಾಗುಣಿತ ಜರ್ಮನ್ ಜನನ ಪತ್ರದ್ದೇ. ಅದಕ್ಕೆ ಸಹಿ ಮಾಡೋ ಮುಂಚೆ ಅತ್ತಿಮಬ್ಬೆಯ ಎರಡು ಟಿ, ಎರಡು ಬಿ ಇದ್ಯಾ ಅಂತ ಬೆರಳಿಟ್ಟು ನೋಡಿ.