ಕಲಬುರಗಿಯ ಬಿಸಿಲಿಗೆ ಮಲೆನಾಡಿನ ಕಷಾಯ ಒಗ್ಗುತ್ತದೆಯೇ?

ಪ್ರಶ್ನೆ: ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ಶರಣು. ಕಳೆದ ಡಿಸೆಂಬರಿನಲ್ಲಿ ಮದುವೆಗೆಂದು ತೀರ್ಥಹಳ್ಳಿಗೆ ಹೋಗಿದ್ದಾಗ ಅಲ್ಲಿಯ ಬೀಗರು ಮನೆಯಲ್ಲೇ ಹುರಿದು ಕುಟ್ಟಿದ ಕಷಾಯದ ಪುಡಿಯನ್ನು ಒಂದು ಡಬ್ಬಿ ತುಂಬಿ ಕೊಟ್ಟರು. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಒಣಶುಂಠಿ, ಹಿಪ್ಪಲಿ ಮತ್ತು ಜ್ಯೇಷ್ಠಮಧು ಅದರಲ್ಲಿವೆ. ಚಳಿಗಾಲವಿಡೀ ಬೆಳಗಿನ ಚಹಾದ ಬದಲು ಅದನ್ನೇ ಕುಡಿದೆವು. ಅತ್ತೆಯವರ ಕೆಮ್ಮು ಹತೋಟಿಗೆ ಬಂದಿತು. ದಿನಕ್ಕೆ ಆರು ಸಲ ಚಹಾ ಕೇಳುತ್ತಿದ್ದ ಮಾವನವರು ಮೂರಕ್ಕೆ ಇಳಿದರು. ಆದರೆ ಮಾರ್ಚ್ ಕಳೆಯುತ್ತಿದ್ದಂತೆ, ಅದೇ ಪುಡಿಯನ್ನು ಅದೇ ಪ್ರಮಾಣದಲ್ಲಿ ಕುದಿಸಿ ಕುಡಿದರೂ ಅತ್ತೆಯವರಿಗೆ ಎದೆಯುರಿ, ನನಗೆ ಬಾಯಿಹುಣ್ಣು ಶುರುವಾದವು. ಈಗ ಕಚೇರಿಗಳೆಲ್ಲ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನವೇ ಮುಚ್ಚುವ ಬಿಸಿಲಿನ ಕಾಲ. ಹೀಗಿರುವಾಗ ಕಷಾಯವನ್ನು ನಿಲ್ಲಿಸಬೇಕೇ ಅಥವಾ ಬದಲಾಯಿಸಬೇಕೇ? ಮಾವನವರು ಮತ್ತೆ ಆರು ಕಪ್ಪಿಗೆ ಮರಳಬಾರದೆಂಬುದೂ ನನ್ನ ಚಿಂತೆ. ಅತ್ತೆಯವರಿಗೆ 68 ವರ್ಷ, ಬಿ.ಪಿ. ಗುಳಿಗೆ ತೆಗೆದುಕೊಳ್ಳುತ್ತಾರೆ ಎಂಬುದನ್ನೂ ಗಮನಕ್ಕೆ ತರುತ್ತೇನೆ.

ಉತ್ತರ: ಆಯುರ್ವೇದ ವೈದ್ಯ, ಬೀದರ್

ಅಮ್ಮಾ, ಶರಣು. ಪುಡಿಯಲ್ಲಿ ದೋಷವಿಲ್ಲ, ಅದನ್ನು ತಂದ ಊರು ಬೇರೆ. ತಿಂಗಳುಗಟ್ಟಲೆ ಮಳೆ ಹಿಡಿದು, ಗೋಡೆಗಳೂ ತೇವವಾಗಿರುವ ಮಲೆನಾಡಿನಲ್ಲಿ ಮೆಣಸು, ಶುಂಠಿ, ಹಿಪ್ಪಲಿ ಈ ಮೂರೂ ಕೂಡಿದ ತ್ರಿಕಟು ದೇಹಕ್ಕೆ ಹಿತವಾಗುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಗ್ರೀಷ್ಮದಲ್ಲಿ ಉಪ್ಪು, ಹುಳಿ, ಖಾರ ಮತ್ತು ಉಷ್ಣವಾದ ಪದಾರ್ಥಗಳನ್ನು ಬಿಟ್ಟು ಸಿಹಿಯಾದ, ತಂಪಾದ ದ್ರವಗಳನ್ನು ಸೇವಿಸಬೇಕೆಂದು ಚರಕಸಂಹಿತೆಯ ಋತುಚರ್ಯೆಯ ಭಾಗವೇ ಹೇಳುತ್ತದೆ. ನೀವು ಮಾಡಿದ್ದು ಅದಕ್ಕೆ ತಿರುವುಮುರುವು.

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಮರೆಯುತ್ತಾರೆ. ಕಷಾಯವೆಂದರೆ ಕುದಿಸಿ ಬತ್ತಿಸುವುದೊಂದೇ ಅಲ್ಲ. ಬೇರು, ತೊಗಟೆಗಳಂಥ ಗಟ್ಟಿ ದ್ರವ್ಯವನ್ನು ಕುದಿಸಿ ಇಳಿಸಿದರೆ ಅದು ಕ್ವಾಥ. ಎಲೆ, ಹೂವುಗಳಂಥ ಮೃದು ದ್ರವ್ಯದ ಮೇಲೆ ಬಿಸಿನೀರು ಸುರಿದು, ಮುಚ್ಚಿಟ್ಟು ಸೋಸಿದರೆ ಅದು ಫಾಂಟ. ಜಜ್ಜಿದ ದ್ರವ್ಯವನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಸೋಸಿದರೆ ಅದು ಹಿಮ. ಬೇಸಿಗೆಗೆ ಹೇಳಿ ಮಾಡಿಸಿದ್ದು ಈ ಕೊನೆಯದು. ಎರಡು ಚಮಚ ಕೊತ್ತಂಬರಿ ಬೀಜವನ್ನು ಅರೆಬರೆ ಕುಟ್ಟಿ, ಒಂದು ಲೋಟ ನೀರಿನಲ್ಲಿ ಮಣ್ಣಿನ ಕುಡಿಕೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಸೋಸಿ ಸ್ವಲ್ಪ ಕಲ್ಲುಸಕ್ಕರೆಯೊಂದಿಗೆ ಕುಡಿಯಿರಿ. ಬಡೆಸೋಪು, ಸೊಗದೆ ಬೇರು, ಲಾವಂಚದ (ಖಸ್) ಬೇರುಗಳನ್ನೂ ಹೀಗೆಯೇ ಬಳಸಬಹುದು. ಒಂದು ಮಾತು ಮಾತ್ರ ನೆನಪಿಡಿ: ಕೂಲರಿಗೆಂದು ಮಾರುವ ಖಸ್ ಬೇರನ್ನು ಕುಡಿಯುವ ನೀರಿಗೆ ಹಾಕಬೇಡಿ, ಇದನ್ನು ಮಾಡಿದವರನ್ನು ನಾನು ಕಂಡಿದ್ದೇನೆ.

ಮೃಗಶಿರ ಮಳೆ ಬಿದ್ದು ಜೀರ್ಣಶಕ್ತಿ ಕುಗ್ಗಿದಾಗ ಒಣಶುಂಠಿ, ಜೀರಿಗೆ, ಅಜವಾನಗಳ ತೆಳುವಾದ ಕಷಾಯಕ್ಕೆ ಬನ್ನಿ. ಶರದೃತುವಿನಲ್ಲಿ, ಅಂದರೆ ದಸರೆಯ ಆಸುಪಾಸಿನ ಬಿಸಿಲಿನಲ್ಲಿ, ಮತ್ತೆ ಕೊತ್ತಂಬರಿ ಬೀಜಕ್ಕೆ ಹಿಂದಿರುಗಿ. ಮಳೆಗಾಲ ಮುಗಿಯಿತೆಂದು ನೇರವಾಗಿ ಚಳಿಗಾಲದ ಕಷಾಯಕ್ಕೆ ಹಾರುವವರಿಗೆ ಪಿತ್ತ ಕೆರಳುವುದು ಆಗಲೇ. ದೀಪಾವಳಿಯ ನಂತರ, ಬೀದರಿನ ಚಳಿ ಮೈಗೆ ತಾಗತೊಡಗಿದಾಗ, ಬೀಗರ ಪುಡಿಯ ಸರದಿ ಬರಲಿ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಹಸಿಶುಂಠಿ ಇರುವಾಗ ಚಳಿಗಾಲದಲ್ಲಿ ಶುಂಠಿಯ ಪುಡಿಯನ್ನು ಕೊಳ್ಳುವ ಅಗತ್ಯವೂ ಇಲ್ಲ.

ಉತ್ತರ: ರೈತ, ಆಳಂದ

ವೈದ್ಯರ ಮಾತನ್ನು ಅಲ್ಲಗಳೆಯುವಷ್ಟು ನಾನು ತಿಳಿದವನಲ್ಲ. ಆದರೂ ಜೋಳದ ಅಂಬಲಿ, ನೀರುಮಜ್ಜಿಗೆ ಕುಡಿದು ಹೊಲ ಮಾಡಿದ ನಮ್ಮ ಹಿರಿಯರು ಬೇಸಿಗೆಗೆ ಯಾವ ಪುಡಿಯನ್ನೂ ಹುಡುಕಲಿಲ್ಲ ಎಂಬುದನ್ನು ನೆನಪಿಸುತ್ತೇನೆ.

ಉತ್ತರ: ಔಷಧ ಅಂಗಡಿಯವರು, ಕಲಬುರಗಿ

ಅಕ್ಕಾವರೆ, ಉಳಿದೆಲ್ಲ ದ್ರವ್ಯಗಳಿಗಿಂತ ಮೊದಲು ಜ್ಯೇಷ್ಠಮಧುವಿನ ವಿಷಯವನ್ನು ನೋಡಿ. ಅದರಲ್ಲಿರುವ ಗ್ಲಿಸರೈಜಿನ್ ಎಂಬ ಅಂಶವು ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ದೇಹದಲ್ಲಿ ಉಪ್ಪು ಮತ್ತು ನೀರು ಉಳಿದುಕೊಳ್ಳುತ್ತವೆ, ಪೊಟ್ಯಾಸಿಯಂ ಹೊರಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ಅತ್ತೆಯವರ ಬಿ.ಪಿ. ಗುಳಿಗೆಯು ಮೂತ್ರ ಹೆಚ್ಚಿಸುವ ಜಾತಿಯದಾಗಿದ್ದರೆ ಪೊಟ್ಯಾಸಿಯಂ ಎರಡು ಕಡೆಯಿಂದ ಸೋರಿದಂತಾಗುತ್ತದೆ.

ಇದನ್ನು ಓದಿ ಕಲಿತವನಲ್ಲ ನಾನು. ನನ್ನ ತಂದೆಯವರು ಗಂಟಲು ಕೆರೆತಕ್ಕೆಂದು ದಿನಕ್ಕೆರಡು ಸಲ ಜ್ಯೇಷ್ಠಮಧುವಿನ ಕಷಾಯ ಕುಡಿಯುತ್ತಿದ್ದರು. ಕಾಲು ಬಾತು ಬಿ.ಪಿ. ಏರಿದಾಗ ಒಂದು ಆಸ್ಪತ್ರೆಯಲ್ಲಿ ಎರಡು ಸಲ ಗುಳಿಗೆಯ ಪ್ರಮಾಣವನ್ನು ಹೆಚ್ಚಿಸಿದರು. ಮನೆಯಲ್ಲಿ ಏನು ಕುಡಿಯುತ್ತೀರಿ ಎಂದು ಅವರೂ ಕೇಳಲಿಲ್ಲ, ಕಷಾಯವನ್ನೂ ಔಷಧವೆಂದು ಹೇಳಬೇಕೆಂದು ನಮಗೂ ತೋಚಲಿಲ್ಲ. ದಿನವಿಡೀ ಗುಳಿಗೆ ಮಾರುವ ನನಗೇ ಹೊಳೆಯಲಿಲ್ಲವೆಂಬುದು ಇಂದಿಗೂ ನಾಚಿಕೆಯ ವಿಷಯ. ಕಷಾಯ ಬಿಟ್ಟ ಕೆಲವು ವಾರಗಳಲ್ಲಿ ಬಾವು ಇಳಿಯಿತು.

ಅಮೃತಬಳ್ಳಿಯ ಬಗ್ಗೆಯೂ ಎಚ್ಚರ ಬೇಕು. ಕೋವಿಡ್ ಕಾಲದಲ್ಲಿ ಅದನ್ನು ದಿನವೂ ಸೇವಿಸಿ ಯಕೃತ್ತಿನ ಉರಿಯೂತಕ್ಕೆ ಒಳಗಾದ ಆರು ರೋಗಿಗಳ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಬೇರೆ ಜಾತಿಯ ಬಳ್ಳಿಯನ್ನು ಅಮೃತಬಳ್ಳಿಯೆಂದು ತಪ್ಪಾಗಿ ಬಳಸಿರಬಹುದೆಂದು ಆಯುಷ್ ಸಚಿವಾಲಯ ಅದಕ್ಕೆ ಆಕ್ಷೇಪವೆತ್ತಿತು. ವಾದ ಯಾರದೇ ಸರಿಯಿರಲಿ, ಬೇಲಿಯಿಂದ ಕಿತ್ತು ತಂದ ಬಳ್ಳಿಯನ್ನು ಗುರುತು ಹಿಡಿಯದೆ ತಿಂಗಳುಗಟ್ಟಲೆ ಕುಡಿಯಬಾರದು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಶುಂಠಿ ಕಷಾಯವನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು.

ಉತ್ತರ: ನಿವೃತ್ತ ವಿಜ್ಞಾನ ಶಿಕ್ಷಕ, ಯಾದಗಿರಿ

ಎಲ್ಲರೂ ಗಿಡಮೂಲಿಕೆಯ ಕುರಿತು ಬರೆದಿದ್ದಾರೆ, ನಾನು ನೀರಿನ ಕುರಿತು ಬರೆಯುತ್ತೇನೆ. ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ, ಅತಿಯಾದರೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಹೆಚ್ಚಿದೆ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಅದು 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿ.ಗ್ರಾಂ. ತನಕ ಒಪ್ಪಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರ. ನಾಲ್ಕು ಲೋಟ ನೀರನ್ನು ಒಂದಕ್ಕೆ ಇಳಿಸಿದ ಕಷಾಯ ಕುಡಿದವರು ನಾಲ್ಕು ಲೋಟದ ಫ್ಲೋರೈಡನ್ನು ಒಂದೇ ಲೋಟದಲ್ಲಿ ಕುಡಿದಂತೆ. ಚಹಾ ಗಿಡವೂ ಮಣ್ಣಿನಿಂದ ಫ್ಲೋರೈಡನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಚಿಗುರಿಗಿಂತ ಬಲಿತ ಎಲೆಯಲ್ಲಿ ಅದು ಹೆಚ್ಚು. ಕೊಳವೆಬಾವಿಯ ನೀರಿನಲ್ಲಿ ಅಗ್ಗದ ಚಹಾಪುಡಿಯನ್ನು ಕಪ್ಪಾಗುವವರೆಗೆ ಕುದಿಸುವ ಪದ್ಧತಿ ನಮ್ಮ ಕಡೆಯದು. ಪಟ್ಟಣದ ನಲ್ಲಿ ನೀರಿರುವ ನಿಮಗೆ ಈ ಚಿಂತೆ ಕಡಿಮೆ, ಹಳ್ಳಿಯಿಂದ ಇದನ್ನು ಓದುವವರು ಮಾತ್ರ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಲಿ.

ಮಾವನವರ ಚಹಾದ ಬಗ್ಗೆ ಹೇಳುವುದಾದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) 2024ರ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಚಹಾದಲ್ಲಿ 30ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತದೆ, ದಿನದ ಮಿತಿ 300 ಮಿ.ಗ್ರಾಂ. ಆರು ಕಪ್ ಖಡಕ್ ಚಹಾ ಈ ಮಿತಿಯನ್ನು ದಾಟಬಲ್ಲದು. ಎಣಿಕೆಗಿಂತಲೂ ಮುಖ್ಯವಾದುದು ಹೊತ್ತು. ರೊಟ್ಟಿ, ಪುಂಡಿಪಲ್ಲೆ, ಬೇಳೆ ಉಂಡ ಕೈಯಲ್ಲೇ ಚಹಾ ಹಿಡಿದರೆ ಅದರ ಟ್ಯಾನಿನ್‌ಗಳು ಧಾನ್ಯ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹಕ್ಕೆ ಸಿಗದಂತೆ ಕಟ್ಟಿಹಾಕುತ್ತವೆ. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಬಿಡಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಮನೆಯ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಇದ್ದರೆ ಇದೊಂದು ಬದಲಾವಣೆಗೆ ಎಲ್ಲಕ್ಕಿಂತ ಮೊದಲ ಸ್ಥಾನ ಕೊಡಿ.

ಪುಂಡಿಯ ಮಾತು ಬಂದದ್ದರಿಂದ ಹೇಳುತ್ತೇನೆ: ಪೇಟೆಯಲ್ಲಿ ದುಬಾರಿ ಬೆಲೆಗೆ ಹೈಬಿಸ್ಕಸ್ ಟೀ ಎಂದು ಮಾರುವ ಕೆಂಪು ಎಸಳುಗಳು ಕೆಂಪು ಪುಂಡಿಯ ಕಾಯಿಯನ್ನು ಸುತ್ತಿಕೊಂಡಿರುವ ಹುಳಿ ಸಿಪ್ಪೆಯೇ ಹೊರತು ದೇವರಿಗೆ ಏರಿಸುವ ದಾಸವಾಳವಲ್ಲ. ನಾವು ಎಲೆಯನ್ನು ಉಂಡು ಆ ಸಿಪ್ಪೆಯನ್ನು ಹೊಲದಲ್ಲೇ ಬಿಡುತ್ತೇವೆ. ಒಣಗಿಸಿಟ್ಟರೆ ಬೇಸಿಗೆಯಲ್ಲಿ ಚಹಾದ ಬಣ್ಣವೂ ಹುಳಿಯೂ ಇರುವ, ಕೆಫೀನ್ ಇಲ್ಲದ ಪಾನೀಯ ಸಿಗುತ್ತದೆ. ರಕ್ತದೊತ್ತಡವನ್ನು ಇದು ಸ್ವಲ್ಪ ಇಳಿಸುವುದರಿಂದ ಅತ್ತೆಯವರಿಗಿಂತ ಮಾವನವರಿಗೆ ಕೊಡುವುದು ಸರಳ.

ಪ್ರತಿಕ್ರಿಯೆ: ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ಕೃತಜ್ಞತೆಗಳು. ಔಷಧ ಅಂಗಡಿಯ ಅಣ್ಣಾವರ ಮಾತನ್ನು ಓದಿದ ಕೂಡಲೇ ಅತ್ತೆಯವರ ಗುಳಿಗೆಯ ಚೀಟಿಯನ್ನು ತೆಗೆದುಕೊಂಡು ವೈದ್ಯರಲ್ಲಿಗೆ ಹೋದೆ. ಅದು ಮೂತ್ರ ಹೆಚ್ಚಿಸುವ ಗುಳಿಗೆಯೇ ಎಂದು ತಿಳಿಯಿತು. ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇವೆ, ಕಷಾಯವನ್ನು ನಿಲ್ಲಿಸಿದ್ದೇವೆ. ಕೊತ್ತಂಬರಿ ಬೀಜದ ನೀರು ಅತ್ತೆಯವರಿಗೆ ಹಿಡಿಸಿದೆ. ಮಾವನವರು ಅದನ್ನು ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಟ್ಟು, ಆಳಂದದ ರೈತರ ಪಕ್ಷ ಸೇರಿ ಮಜ್ಜಿಗೆ ಕೇಳಿದರು. ಡಬ್ಬಿಯಲ್ಲಿ ಇನ್ನೂ ಅರ್ಧ ಪುಡಿ ಉಳಿದಿದೆ. ದೀಪಾವಳಿಯವರೆಗೆ ಇಡಬಹುದೇ, ವೈದ್ಯರೆ?

ಉತ್ತರ: ಆಯುರ್ವೇದ ವೈದ್ಯ, ಬೀದರ್

ಬೇಡಮ್ಮಾ. ಚೂರ್ಣದ ಸತ್ವ ಎರಡು ತಿಂಗಳಿಗೆ ಕುಂದುತ್ತದೆಂದು ಶಾಸ್ತ್ರದ ಲೆಕ್ಕ, ಮೂಗಿಗೆ ಹಿಡಿದರೆ ನಿಮಗೇ ತಿಳಿಯುತ್ತದೆ. ದೀಪಾವಳಿ ಕಳೆದ ಮೇಲೆ ಜ್ಯೇಷ್ಠಮಧು ಬಿಟ್ಟು, ಹದಿನೈದು ದಿನಕ್ಕೆ ಸಾಲುವಷ್ಟೇ ಹೊಸದಾಗಿ ಕುಟ್ಟಿಕೊಳ್ಳಿ.