ಪಂಪಭಾರತ ಓದಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಎಂಎ ಓದುತ್ತಿದ್ದೇನೆ. ಈ ರಜೆಯಲ್ಲಿ ಪಂಪಭಾರತದ 14 ಆಶ್ವಾಸಗಳನ್ನೂ (ಅಧ್ಯಾಯಗಳನ್ನೂ) ಮುಗಿಸಬೇಕು ಅಂತ ಹೊರಟೆ. ಮೂರು ವಾರವಾದರೂ ಎರಡನೆಯದರಲ್ಲೇ ಇದ್ದೇನೆ.

ನಾಲ್ಕು ಸಾಲಿನ ಕಂದಪದ್ಯಕ್ಕೆ ಪ್ರಸ್ತಾರ ಹಾಕುವುದು, ಅಂದರೆ ಲಘು ಗುರು ಗುರುತಿಸಿ ಗಣ ವಿಂಗಡಿಸುವುದು, ಬಂತು: ಒಂದು, ಮೂರನೇ ಸಾಲಿಗೆ ನಾಲ್ಕು ಮಾತ್ರೆಯ 3 ಗಣ, ಉಳಿದೆರಡಕ್ಕೆ 5. ಪುಸ್ತಕದ ಅಂಚಿನ ತುಂಬ ಪೆನ್ಸಿಲ್‌ನಲ್ಲಿ ಲಘು ಗುರು ಗುರುತುಗಳೇ. ಆದರೆ ಪದ ಎಲ್ಲಿ ಬಿಡಿಸಬೇಕು ಅಂತ ಗೊತ್ತಾಗುತ್ತಿಲ್ಲ. ಸಂಧಿಯಾದ ರೂಪ ನಿಘಂಟಿನಲ್ಲಿ ಸಿಗುವುದಿಲ್ಲ. ಗದ್ಯಾನುವಾದ ಹಿಡಿದರೆ ಕಥೆ ಸಿಗುತ್ತದೆ, ಪದ್ಯ ಕೈತಪ್ಪುತ್ತದೆ.

ಬೇಸರವಾದರೆ ಮೊಬೈಲ್‌ನಲ್ಲಿ ತಡರಾತ್ರಿವರೆಗೂ ಯಕ್ಷಗಾನ ನೋಡುತ್ತೇನೆ. ಸುಮ್ನೆ ಬೈಂಡಿಂಗ್ ಕಲಿತು ಅಂಗಡಿ ಇಡಲಾ ಅಂತಲೂ ಅನಿಸುತ್ತದೆ. ಆದರೂ ಪಂಪನನ್ನು ಬಿಡಲು ಮನಸ್ಸಿಲ್ಲ.

ಹಳಗನ್ನಡ ಓದಿದವರು ದಯವಿಟ್ಟು ಹೇಳಿ: ಮೊದಲು ಗದ್ಯಾನುವಾದ ಮುಗಿಸಿ ಮೂಲಕ್ಕೆ ಹೋಗಲಾ, ಇಲ್ಲ ದಿನಕ್ಕೆ ನಾಲ್ಕೈದು ಪದ್ಯ ಬಿಡಿಸುತ್ತಾ ಹೋಗಲಾ? ನೀವು ಪದ ಬಿಡಿಸುವುದನ್ನು ಹೇಗೆ ಕಲಿತಿರಿ?